ಒಬ್ಬರೇ ಕಟ್ಟುವ ಎಸ್‌ಇಒ ತಪಾಸಣಾ ಉಪಕರಣ: ದಿನದಿನದ ಕೆಲಸಕ್ಕೊಂದು ಸಮಗ್ರ ಮಾರ್ಗದರ್ಶಿ

ಜಾಲತಾಣದ ಒಂದು ಪುಟ ಹುಡುಕಾಟದ ಫಲಿತಾಂಶಗಳಲ್ಲಿ ಏಕೆ ಕಾಣುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲ ಉಪಕರಣವನ್ನು ಒಬ್ಬ ಡೆವಲಪರ್ ತಾನೊಬ್ಬನೇ ಕುಳಿತು ಕಟ್ಟಬಹುದು. ಅದಕ್ಕೆ ಬೇಕಾದ ನಿಯಮಗಳಲ್ಲಿ ಬಹುಪಾಲು ಬಹಿರಂಗವಾಗಿ ಪ್ರಕಟವಾಗಿವೆ, ಬೇಕಾದ ಲೈಬ್ರರಿಗಳು ಉಚಿತವಾಗಿ ಸಿಗುತ್ತವೆ, ಸಾಧಾರಣ ಲ್ಯಾಪ್‌ಟಾಪ್ ಕೂಡ ಮಧ್ಯಮ ಗಾತ್ರದ ಜಾಲತಾಣವನ್ನು ಕ್ರಾಲ್ ಮಾಡಬಲ್ಲದು, ಅಂದರೆ ಲಿಂಕ್ ಹಿಡಿದು ಪುಟದಿಂದ ಪುಟಕ್ಕೆ ಹೋಗಿ ಅವನ್ನೆಲ್ಲ ತರಬಲ್ಲದು. ಆದರೂ ಇಂಥ ಎಷ್ಟೋ ಉಪಕರಣಗಳು ಅರ್ಧದಲ್ಲೇ ನಿಲ್ಲುತ್ತವೆ, ಇಲ್ಲವೇ ಮುಗಿದ ಮೇಲೂ ಯಾರೂ ನಂಬದ ವರದಿಗಳನ್ನು ಕೊಡುತ್ತವೆ. ನನ್ನ ಅಭಿಪ್ರಾಯದಲ್ಲಿ ಈ ಎರಡೂ ತೊಂದರೆಗಳಿಂದ ಪಾರಾಗುವ ದಾರಿ ಒಂದೇ: ದಿನದ ಕೆಲಸ ಮುಗಿಯುವ ಹೊತ್ತಿಗೆ ಓಡಿಸಿ ತೋರಿಸಬಲ್ಲ ಒಂದು ತುಣುಕು ಕೈಯಲ್ಲಿರಬೇಕು, ಮತ್ತು ಉಪಕರಣ ಹೇಳುವ ಪ್ರತಿಯೊಂದು ಮಾತಿನ ಹಿಂದೆಯೂ ಬಳಕೆದಾರರು ತೆರೆದು ನೋಡಬಲ್ಲ ಪುರಾವೆ ಇರಬೇಕು. ಮುಂದಿನ ಹಂತಗಳನ್ನು ಈ ಎರಡು ಷರತ್ತುಗಳಿಗೆ ಒಗ್ಗುವಂತೆ ಜೋಡಿಸಿದ್ದೇನೆ.

ಮೊದಲು ನಿರ್ಧರಿಸಬೇಕಾದದ್ದು: ಏನನ್ನು ಕಟ್ಟುವುದಿಲ್ಲ

ಎಸ್‌ಇಒ (ಹುಡುಕಾಟದ ಫಲಿತಾಂಶಗಳಲ್ಲಿ ತಾಣ ಚೆನ್ನಾಗಿ ಕಾಣುವಂತೆ ಮಾಡುವ ಕೆಲಸ) ಉಪಕರಣ ಎಂಬ ಹೆಸರಿನಡಿ ಹತ್ತಾರು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಹೊರಗಿನ ತಾಣಗಳಿಂದ ಬರುವ ಲಿಂಕ್‌ಗಳನ್ನು ಪಟ್ಟಿ ಮಾಡಬೇಕಾದರೆ ಅಂತರಜಾಲದ ದೊಡ್ಡ ಭಾಗವನ್ನೇ ಕ್ರಾಲ್ ಮಾಡಬೇಕಾಗುತ್ತದೆ. ಅದು ಒಬ್ಬರ ಕೈಗೆ ನಿಲುಕುವ ಕೆಲಸವಲ್ಲ. ಫಲಿತಾಂಶದ ಪುಟಗಳನ್ನು ಯಂತ್ರದ ಮೂಲಕ ತೆರೆದು ಸ್ಥಾನವನ್ನು ಅಳೆಯುವ ದಾರಿಯೂ ಸರಿಯಲ್ಲ, ಏಕೆಂದರೆ ಅನುಮತಿಯಿಲ್ಲದ ಸ್ವಯಂಚಾಲಿತ ಹುಡುಕಾಟವನ್ನು ಗೂಗಲ್ ತನ್ನ ನೀತಿಗಳಲ್ಲಿ ನಿಷೇಧಿಸಿದೆ. ಇವೆರಡನ್ನೂ ಬಿಟ್ಟಮೇಲೆ ಉಳಿಯುವ, ಒಬ್ಬರೇ ಚೆನ್ನಾಗಿ ಮಾಡಬಲ್ಲ ಕೆಲಸವೆಂದರೆ ತಾಂತ್ರಿಕ ತಪಾಸಣೆ. ಈ ಪುಟವನ್ನು ಸರ್ಚ್ ಇಂಜಿನ್ ತಲುಪಬಲ್ಲದೇ, ಓದಬಲ್ಲದೇ, ತನ್ನ ಸೂಚ್ಯಂಕಕ್ಕೆ ಸೇರಿಸಿಕೊಳ್ಳಲು ಅಡ್ಡಿಯೇನಾದರೂ ಇದೆಯೇ ಎಂಬಷ್ಟನ್ನು ಖಚಿತವಾಗಿ ಹೇಳುವುದೇ ಅದರ ಗುರಿ.

ಈ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದು ಪ್ರಾಜೆಕ್ಟ್‌ನ ಮೊದಲ ಕಡತದಲ್ಲೇ ಇಡಿ. ಕೆಲಸದ ನಡುವೆ ಹೊಳೆಯುವ ಪ್ರತಿಯೊಂದು ಹೊಸ ಯೋಚನೆಯನ್ನೂ ಈ ವಾಕ್ಯದ ಎದುರು ನಿಲ್ಲಿಸಿ ನೋಡಿ. ಹೊಂದದಿದ್ದರೆ ಬೇರೊಂದು ಪಟ್ಟಿಗೆ ಸೇರಿಸಿ ಮುಂದೆ ಸಾಗಿ. ನೂರಕ್ಕೆ ಇಷ್ಟು ಎಂದು ಇಡೀ ತಾಣಕ್ಕೆ ಅಂಕ ಕೊಡುವ ಯೋಚನೆಯನ್ನೂ ಇಲ್ಲಿಯೇ ಕೈಬಿಡುವುದು ಒಳ್ಳೆಯದು. ಆ ಅಂಕವನ್ನು ಯಾವ ಸರ್ಚ್ ಇಂಜಿನ್ನೂ ಬಳಸುವುದಿಲ್ಲ, ಅದು ಏರಿದರೆ ಏನು ಸರಿಹೋಯಿತು ಎಂದು ಹೇಳುವುದೂ ಸಾಧ್ಯವಿಲ್ಲ.

ದಿನದ ಟಿಪ್ಪಣಿಯ ಕಡತ

ತಂಡದಲ್ಲಿ ಕೆಲಸ ಮಾಡುವವರಿಗೆ ನಿನ್ನೆಯ ನಿರ್ಧಾರವನ್ನು ನೆನಪಿಸಲು ಪಕ್ಕದವರಿರುತ್ತಾರೆ. ಒಂಟಿ ಡೆವಲಪರ್‌ಗೆ ಆ ಅನುಕೂಲವಿಲ್ಲ; ಆದ್ದರಿಂದ ಕೋಡ್ ಇರುವ ರೆಪಾಸಿಟರಿಯಲ್ಲೇ ಒಂದು ಸಾದಾ ಪಠ್ಯ ಕಡತವಿಟ್ಟು, ದಿನದ ಕೊನೆಗೆ ಮೂರು ಸಂಗತಿಗಳನ್ನು ಬರೆದಿಡಬೇಕು: ಇಂದು ಯಾವುದು ಓಡುವ ಸ್ಥಿತಿಗೆ ಬಂತು, ಯಾವ ನಿರ್ಧಾರವನ್ನು ಯಾವ ಕಾರಣಕ್ಕೆ ತೆಗೆದುಕೊಂಡೆ, ನಾಳೆ ಕುಳಿತ ಕೂಡಲೇ ಮಾಡಬೇಕಾದ ಮೊದಲ ಕೆಲಸ ಯಾವುದು. ಒಂದು ಮಾದರಿ (ರೀಡೈರೆಕ್ಟ್ ಎಂದರೆ ಕೇಳಿದ ವಿಳಾಸದಿಂದ ಸರ್ವರ್ ಇನ್ನೊಂದು ವಿಳಾಸಕ್ಕೆ ಕಳಿಸುವುದು): ‘ರೀಡೈರೆಕ್ಟ್ ಸರಪಳಿ ಈಗ ಹೆಜ್ಜೆಹೆಜ್ಜೆಯಾಗಿ ದಾಖಲಾಗುತ್ತಿದೆ. ಕ್ಲೈಂಟ್‌ನ ತಾನಾಗಿ ಹಿಂಬಾಲಿಸುವ ಆಯ್ಕೆಯನ್ನು ಬಂದ್ ಮಾಡಿದ್ದೇನೆ, ಏಕೆಂದರೆ ಅದು ನಡುವಿನ ಸ್ಥಿತಿ ಸಂಖ್ಯೆಗಳನ್ನು ಮರೆಮಾಚುತ್ತದೆ. ನಾಳೆ: ಸರಪಳಿ ಸುತ್ತಿಕೊಂಡು ತನ್ನಲ್ಲಿಗೇ ಮರಳುವ ಸಂದರ್ಭಕ್ಕೆ ಪರೀಕ್ಷೆ.’ ಇಷ್ಟು ಸಾಕು.

ಈ ಮೂರರಲ್ಲಿ ಕಾರಣದ ಸಾಲೇ ಹೆಚ್ಚು ಬೆಲೆಯುಳ್ಳದ್ದು. ಕೋಡ್ ಏನು ಮಾಡುತ್ತದೆ ಎಂಬುದನ್ನು ಕೋಡ್ ನೋಡಿಯೇ ತಿಳಿಯಬಹುದು. ಬೇರೊಂದು ದಾರಿಯನ್ನು ಏಕೆ ಬಿಟ್ಟೆವು ಎಂಬುದು ಅಲ್ಲಿರುವುದಿಲ್ಲ, ಕೆಲವೇ ವಾರಗಳಲ್ಲಿ ನೆನಪಿನಿಂದಲೂ ಜಾರಿಹೋಗುತ್ತದೆ. ನಾಳೆಯ ಕೆಲಸವನ್ನು ಬರೆಯುವಾಗ ಒಂದೇ ಸಲ ಕುಳಿತು ಮುಗಿಸುವಷ್ಟು ಚಿಕ್ಕದಾಗಿ ಬರೆಯಿರಿ. ‘ಕ್ರಾಲರ್ ಬರೆಯುವುದು’ ಎಂಬುದು ದಿನದ ಕೆಲಸವಲ್ಲ, ‘429 ಉತ್ತರ (ಕೋರಿಕೆಗಳು ಅತಿಯಾದವು ಎಂದು ಸರ್ವರ್ ಹೇಳುವ ಸಂಖ್ಯೆ) ಬಂದಾಗ ಕಾಯುವುದು’ ಎಂಬುದು ದಿನದ ಕೆಲಸ.

ಒಂದೇ ಒಂದು ಪುಟವನ್ನು ಸರಿಯಾಗಿ ತರುವುದು

ಕೋಡ್‌ನ ಕೆಲಸ ಇಲ್ಲಿಂದ ಶುರು. ಕಮಾಂಡ್ ಲೈನ್‌ನಲ್ಲಿ ಒಂದು ಯುಆರ್‌ಎಲ್ ಕೊಟ್ಟರೆ ಪುಟವನ್ನು ತಂದು, ಬಂದದ್ದನ್ನೆಲ್ಲ ಬದಲಿಸದೆ ಉಳಿಸುವ ಸಣ್ಣ ಪ್ರೋಗ್ರಾಮನ್ನು ಮೊದಲು ಬರೆಯಿರಿ. ಎಚ್‌ಟಿಟಿಪಿ ಸ್ಥಿತಿ ಸಂಖ್ಯೆ (ಕೋರಿಕೆ ಏನಾಯಿತೆಂದು ಸರ್ವರ್ ಹೇಳುವ ಮೂರಂಕಿ), ಎಲ್ಲ ಹೆಡರ್‌ಗಳು, ಮೂಲ ಎಚ್‌ಟಿಎಂಎಲ್, ತೆಗೆದುಕೊಂಡ ಸಮಯ, ತಂದ ದಿನಾಂಕ ಇವಿಷ್ಟೂ ಬೇಕು. ಮೂಲ ಪ್ರತಿಯನ್ನು ಉಳಿಸುವುದರಿಂದ ಜಾಗ ಹೆಚ್ಚು ಹಿಡಿಯುತ್ತದೆ ನಿಜ. ಆದರೆ ಮುಂದೆ ತಪಾಸಣೆಯ ನಿಯಮವೊಂದನ್ನು ತಿದ್ದಿದಾಗ ತಾಣವನ್ನು ಮತ್ತೆ ಕ್ರಾಲ್ ಮಾಡದೆ ಹಳೆಯ ಪ್ರತಿಯ ಮೇಲೆಯೇ ಓಡಿಸಬಹುದು, ಮತ್ತು ಬಳಕೆದಾರರು ‘ನನ್ನ ಪುಟದಲ್ಲಿ ಹಾಗಿಲ್ಲವಲ್ಲ’ ಎಂದಾಗ ಆ ಹೊತ್ತಿಗೆ ಸರ್ವರ್ ಏನು ಕಳಿಸಿತ್ತು ಎಂಬುದನ್ನು ತೆರೆದು ತೋರಿಸಬಹುದು.

ರೀಡೈರೆಕ್ಟ್‌ಗಳ ಪ್ರತಿ ಹೆಜ್ಜೆಯೂ ಪ್ರತ್ಯೇಕ ದಾಖಲೆಯಾಗಬೇಕು. 301 ಮತ್ತು 308 ಶಾಶ್ವತ ವರ್ಗಾವಣೆಯನ್ನು ಹೇಳುತ್ತವೆ, 302 ಮತ್ತು 307 ತಾತ್ಕಾಲಿಕವನ್ನು. ಗೂಗಲ್‌ನ ಕ್ರಾಲರ್ ಸಾಮಾನ್ಯವಾಗಿ 10 ಹೆಜ್ಜೆಗಳವರೆಗೆ ಹಿಂಬಾಲಿಸುತ್ತದೆ. ನಿಮ್ಮ ಉಪಕರಣವೂ ಅಲ್ಲಿಗೇ ನಿಲ್ಲಲಿ. ನಿಮ್ಮ ಕ್ರಾಲರ್‌ಗೆ ಸ್ವಂತ ಹೆಸರಿಟ್ಟು, ಅದರ ಗುರುತಿನ ಸಾಲಿನಲ್ಲಿ ವಿವರಣೆಯ ಪುಟದ ವಿಳಾಸವನ್ನೂ ಸೇರಿಸಿ. ಬ್ರೌಸರ್‌ನ ವೇಷದಲ್ಲಿ ಹೋಗುವುದು ಸುಲಭವೆನಿಸಿದರೂ, ತಾಣದ ನಿರ್ವಾಹಕರು ಲಾಗ್ ನೋಡಿ ಯಾರು ಬಂದಿದ್ದರೆಂದು ತಿಳಿಯಲಾಗದ ಕ್ರಾಲರ್‌ಗೆ ಬಾಗಿಲು ಮುಚ್ಚುವುದೇ ಸಹಜ.

ರೋಬಾಟ್ಸ್ ಕಡತ: ಅನುಮತಿಯ ಲೆಕ್ಕ

ಎರಡನೆಯ ಪುಟವನ್ನು ತರುವುದಕ್ಕೆ ಮುನ್ನವೇ ಯಾವ ಪುಟಗಳನ್ನು ಕ್ರಾಲರ್ ತರಬಹುದು, ಯಾವುದನ್ನು ತರಬಾರದು ಎಂದು ತಾಣ ಹೇಳುವ ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಕಡತವನ್ನು ಓದುವ ಭಾಗ ಸಿದ್ಧವಾಗಬೇಕು. 1994ರಲ್ಲಿ ಮಾರ್ಟಿನ್ ಕೋಸ್ಟರ್ ಮುಂದಿಟ್ಟ ಈ ಪದ್ಧತಿ ದಶಕಗಳ ಕಾಲ ಕೇವಲ ಒಪ್ಪಂದವಾಗಿ ನಡೆದು, 2022ರಲ್ಲಿ ಆರ್‌ಎಫ್‌ಸಿ 9309 ಎಂಬ ಅಂತರಜಾಲ ಮಾನದಂಡದ ದಾಖಲೆಯಾಗಿ ಅಧಿಕೃತ ರೂಪ ಪಡೆಯಿತು. ಆ ದಾಖಲೆ ಚಿಕ್ಕದು. ಒಮ್ಮೆ ಪೂರ್ತಿಯಾಗಿ ಓದಿಕೊಂಡೇ ಕೋಡ್ ಬರೆಯಿರಿ.

ಇಲ್ಲಿ ಎಡವುವ ಜಾಗಗಳು ಕೆಲವಿವೆ. ಒಂದು ಹಾದಿಗೆ ಎರಡು ನಿಯಮಗಳು ಹೊಂದಿದಾಗ ಕಡತದಲ್ಲಿ ಮೊದಲು ಬಂದದ್ದಲ್ಲ, ಹೆಚ್ಚು ಉದ್ದವಾಗಿ ಹೊಂದುವುದೇ ಗೆಲ್ಲುತ್ತದೆ. ‘/ಸಂಗ್ರಹ/’ ನಿಷಿದ್ಧ, ‘/ಸಂಗ್ರಹ/2024/’ ಅನುಮತ ಎಂದಿದ್ದರೆ, 2024ರ ಕೆಳಗಿನ ಪುಟಗಳನ್ನು ತರಬಹುದು, ಉಳಿದವನ್ನು ತರುವಂತಿಲ್ಲ. ಎರಡೂ ಸಮಾನ ಉದ್ದದವಾದರೆ ಅನುಮತಿಯ ಪರವಾಗಿ ತೀರ್ಮಾನಿಸಬೇಕು. ಪೈಥಾನ್‌ನ ಪ್ರಮಾಣಿತ ಲೈಬ್ರರಿಯಲ್ಲಿರುವ ಪಾರ್ಸರ್ ಬಹುಕಾಲ ಮೊದಲು ಹೊಂದಿದ ನಿಯಮವನ್ನೇ ಅನ್ವಯಿಸುತ್ತಿತ್ತು. ಆದ್ದರಿಂದ ಸಿದ್ಧ ಪಾರ್ಸರ್ ಬಳಸುವವರು ಮೇಲಿನ ಉದಾಹರಣೆಯಿಂದಲೇ ಅದನ್ನು ಪರೀಕ್ಷಿಸಿಕೊಳ್ಳಬೇಕು. ಗೂಗಲ್ 2019ರಲ್ಲಿ ತಾನು ಬಳಸುವ ಪಾರ್ಸರ್‌ನ ಸಿ++ ಕೋಡನ್ನು ಪರೀಕ್ಷೆಗಳ ಸಹಿತ ಮುಕ್ತವಾಗಿ ಬಿಡುಗಡೆ ಮಾಡಿದೆ, ಆ ಪರೀಕ್ಷೆಗಳನ್ನು ನಿಮ್ಮ ಭಾಷೆಗೆ ಅಳವಡಿಸಿಕೊಂಡರೆ ಈ ಹಂತದ ಅರ್ಧ ಕೆಲಸ ಮುಗಿದಂತೆ.

ಕಡತವೇ ಇಲ್ಲದಿದ್ದರೆ, ಅಂದರೆ 404ರಂಥ ಉತ್ತರ ಬಂದರೆ, ಎಲ್ಲವನ್ನೂ ತರಬಹುದು. ಸರ್ವರ್ 500ರ ಸಾಲಿನ ದೋಷ ಕೊಟ್ಟರೆ ಎಲ್ಲವೂ ನಿಷಿದ್ಧವೆಂದು ತಿಳಿಯಬೇಕು. ಇದನ್ನು ಅನೇಕರು ಗಮನಿಸುವುದಿಲ್ಲ. ರೋಬಾಟ್ಸ್ ಕಡತ ಮಾತ್ರ ದೋಷ ಕೊಡುತ್ತಿದ್ದು ಉಳಿದೆಲ್ಲ ಪುಟಗಳು ಸರಿಯಾಗಿ ತೆರೆಯುತ್ತಿರುವ ತಾಣದಲ್ಲಿ ಕ್ರಾಲಿಂಗ್ ಪೂರ್ತಿ ನಿಂತುಹೋಗಬಹುದು. ಆದ್ದರಿಂದ ಈ ಸ್ಥಿತಿಯನ್ನು ವರದಿಯ ತುತ್ತತುದಿಯಲ್ಲಿ ತೋರಿಸಬೇಕು.

ಒಂದೇ ಪುಟ, ಹಲವು ವಿಳಾಸ

ಇಡೀ ಉಪಕರಣದ ನಿಖರತೆ ಯುಆರ್‌ಎಲ್‌ಗಳನ್ನು ಹೋಲಿಸುವ ರೀತಿಯ ಮೇಲೆ ನಿಂತಿದೆ. ಎರಡು ವಿಳಾಸಗಳು ಒಂದೇ ಎಂದು ತಪ್ಪಾಗಿ ಭಾವಿಸಿದರೆ ಪುಟಗಳು ತಪ್ಪಿಹೋಗುತ್ತವೆ. ಬೇರೆ ಎಂದು ತಪ್ಪಾಗಿ ಭಾವಿಸಿದರೆ ಕ್ರಾಲ್ ಮುಗಿಯುವುದೇ ಇಲ್ಲ. 2005ರ ಆರ್‌ಎಫ್‌ಸಿ 3986 ಈ ಏಕರೂಪತೆಯ ನಿಯಮಗಳನ್ನು ಸ್ಪಷ್ಟವಾಗಿ ಕೊಟ್ಟಿದೆ. ಸ್ಕೀಮ್ ಮತ್ತು ಹೋಸ್ಟ್ ಹೆಸರನ್ನು ಸಣ್ಣಕ್ಷರಕ್ಕೆ ತರಬಹುದು, 80 ಮತ್ತು 443ರಂಥ ಪೂರ್ವನಿಯೋಜಿತ ಪೋರ್ಟ್ ಸಂಖ್ಯೆಗಳನ್ನು ಬಿಡಬಹುದು, ಹಾದಿಯಲ್ಲಿನ ಒಂಟಿ ಮತ್ತು ಜೋಡಿ ಚುಕ್ಕಿಗಳನ್ನು ಬಿಡಿಸಬಹುದು, ಶೇಕಡಾ ಚಿಹ್ನೆಯ ಸಂಕೇತಗಳಲ್ಲಿನ ಅಕ್ಷರಗಳನ್ನು ದೊಡ್ಡದಾಗಿಸಬಹುದು. ಹ್ಯಾಶ್ ಚಿಹ್ನೆಯ ನಂತರದ ಭಾಗ ಸರ್ವರ್‌ಗೆ ಹೋಗುವುದೇ ಇಲ್ಲವಾದ್ದರಿಂದ ಅದನ್ನೂ ತೆಗೆಯಬಹುದು.

ಇದಕ್ಕಿಂತ ಮುಂದೆ ಹೋಗಬೇಡಿ. ಹಾದಿಯ ಸಣ್ಣಕ್ಷರ, ದೊಡ್ಡಕ್ಷರಗಳು ಬೇರೆ ಬೇರೆ. ಕೊನೆಯ ಓರೆಗೆರೆ ಇರುವ ಮತ್ತು ಇಲ್ಲದ ವಿಳಾಸಗಳು ಬೇರೆ ಬೇರೆ. ಅವೆರಡೂ ಒಂದೇ ವಿಷಯವನ್ನು ತೋರಿಸುತ್ತಿದ್ದರೆ ಅದನ್ನು ಉಪಕರಣ ಗುಟ್ಟಾಗಿ ಸರಿಪಡಿಸಬಾರದು, ನಕಲು ಪುಟವೆಂದು ವರದಿ ಮಾಡಬೇಕು. ಬಳಕೆದಾರರು ಹುಡುಕುತ್ತಿರುವ ದೋಷವೇ ಅದಾಗಿರಬಹುದು.

ಇಂಗ್ಲಿಷೇತರ ಲಿಪಿಗಳ ವಿಳಾಸಗಳು ಇನ್ನೂ ಸೂಕ್ಷ್ಮ. ‘ಸ್ತ್ರೀ’ ಎಂಬ ಶಬ್ದವನ್ನೇ ನೋಡಿ. ಕಣ್ಣಿಗೆ ಅದು ಒಂದೇ ಒತ್ತಕ್ಷರ. ಯುನಿಕೋಡ್‌ನಲ್ಲಿ ಸ, ವಿರಾಮ, ತ, ವಿರಾಮ, ರ, ದೀರ್ಘ ಈಕಾರದ ಚಿಹ್ನೆ ಎಂದು 6 ಸಂಕೇತಗಳು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾದ್ದರಿಂದ 18 ಬೈಟ್. ಯುಆರ್‌ಎಲ್‌ನಲ್ಲಿ ಶೇಕಡಾ ಸಂಕೇತವಾಗಿ ಬರೆದಾಗ ಪ್ರತಿ ಬೈಟ್ 3 ಚಿಹ್ನೆಗಳಾಗಿ ಒಟ್ಟು 54 ಚಿಹ್ನೆಗಳು. ಇದಲ್ಲದೆ ದೀರ್ಘ ಈಕಾರವನ್ನು ಒಂದೇ ಸಂಕೇತವಾಗಿಯೂ, ಹ್ರಸ್ವ ಇಕಾರ ಮತ್ತು ದೀರ್ಘದ ಚಿಹ್ನೆ ಎಂದು ಬಿಡಿಸಿ ಎರಡಾಗಿಯೂ ಬರೆಯಲು ಯುನಿಕೋಡ್‌ನಲ್ಲಿ ಅವಕಾಶವಿದೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಸರ್ವರ್‌ಗೆ ಮಾತ್ರ ಅವು ಎರಡು ಬೇರೆ ವಿಳಾಸಗಳು. ಹೀಗಾಗಿ ತರುವಾಗ ಮೂಲ ಬೈಟ್‌ಗಳನ್ನು ಮುಟ್ಟಬೇಡಿ; ಎನ್‌ಎಫ್‌ಸಿ ಎಂಬ ಯುನಿಕೋಡ್ ಏಕರೂಪಕ್ಕೆ ತಂದ ಇನ್ನೊಂದು ಪ್ರತಿಯನ್ನು ಬೇರೆ ಕಾಲಮ್‌ನಲ್ಲಿಟ್ಟು, ಅದು ಒಂದೇ ಆಗಿದ್ದು ಮೂಲ ಮಾತ್ರ ಬೇರೆಯಿರುವ ಜೋಡಿಗಳನ್ನು ಎಚ್ಚರಿಕೆಯಾಗಿ ತೋರಿಸಿ.

ಸರದಿ, ಸಂಯಮ ಮತ್ತು ಸೈಟ್‌ಮ್ಯಾಪ್

ಕ್ರಾಲ್ ಸರದಿಯನ್ನು ಮೆಮೊರಿಯಲ್ಲಿ ಇಡದೆ ಮೊದಲಿನಿಂದಲೇ ಡೇಟಾಬೇಸ್‌ನಲ್ಲಿ ಇಡಿ. ಒಬ್ಬರ ಉಪಕರಣಕ್ಕೆ ಎಸ್‌ಕ್ಯೂಲೈಟ್ ಧಾರಾಳವಾಗಿ ಸಾಕು. ಅದರ ವಾಲ್ ಎಂಬ ಬರಹದ ವಿಧಾನವನ್ನು ಚಾಲೂ ಮಾಡಿದರೆ ಒಂದು ಪ್ರಕ್ರಿಯೆ ಬರೆಯುತ್ತಿರುವಾಗಲೇ ಇತರವು ಓದಬಹುದು. ಬರೆಯುವವರು ಒಂದು ಸಲಕ್ಕೆ ಒಬ್ಬರೇ ಎಂಬ ಮಿತಿಯನ್ನು ನೆನಪಿಟ್ಟು, ಬರಹವನ್ನೆಲ್ಲ ಒಂದೇ ಪ್ರಕ್ರಿಯೆಗೆ ವಹಿಸಿಬಿಡಿ. ಪ್ರತಿ ಯುಆರ್‌ಎಲ್‌ಗೂ ‘ಕಾಯುತ್ತಿದೆ’, ‘ನಡೆಯುತ್ತಿದೆ’, ‘ಮುಗಿದಿದೆ’, ‘ವಿಫಲ’ ಎಂಬ ಸ್ಥಿತಿ, ಮುಖಪುಟದಿಂದ ಎಷ್ಟು ಕ್ಲಿಕ್ ದೂರ ಎಂಬ ಆಳ, ಯಾವ ಪುಟದಿಂದ ಸಿಕ್ಕಿತು ಎಂಬ ಮೂಲ ದಾಖಲಾಗಲಿ. ಈ ದಿನದ ಪರೀಕ್ಷೆ ಸರಳ: ಕ್ರಾಲ್ ಅರ್ಧದಲ್ಲಿರುವಾಗ ಪ್ರೋಗ್ರಾಮನ್ನು ಬಲವಂತವಾಗಿ ನಿಲ್ಲಿಸಿ ಮತ್ತೆ ಓಡಿಸಿ; ನಿಂತಲ್ಲಿಂದಲೇ ಮುಂದುವರಿದರೆ ಹಂತ ಮುಗಿಯಿತು.

ಬೇರೆಯವರ ಸರ್ವರ್ ಮೇಲೆ ಭಾರ ಹೇರದಿರುವುದು ಕ್ರಾಲರ್ ಬರೆಯುವವರ ಕರ್ತವ್ಯ. ಒಂದು ಹೋಸ್ಟ್‌ಗೆ ಒಂದೇ ಸಂಪರ್ಕ, ಕೋರಿಕೆಗಳ ನಡುವೆ ಬಿಡುವು ಎಂಬಲ್ಲಿಂದ ಶುರುಮಾಡಿ. 429 ಅಥವಾ 503 ಬಂದಾಗ ಜೊತೆಗೆ ‘ರಿಟ್ರೈ ಆಫ್ಟರ್’ ಹೆಡರ್ ಇದೆಯೇ ನೋಡಿ, ಅದು ಹೇಳಿದಷ್ಟು ಹೊತ್ತು ಕಾಯಿರಿ. ಇಲ್ಲದಿದ್ದರೆ ಪ್ರತಿ ಸಲವೂ ಬಿಡುವನ್ನು ಇಮ್ಮಡಿಗೊಳಿಸಿ. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು ಎಂದು ಕೊನೆಯಿಲ್ಲದೆ ಲಿಂಕ್ ಕೊಡುವ ಕ್ಯಾಲೆಂಡರ್‌ಗಳು, ಬಣ್ಣ, ಗಾತ್ರ, ಬೆಲೆಗಳ ಆಯ್ಕೆಯಿಂದ ಲಕ್ಷಾಂತರ ವಿಳಾಸ ಹುಟ್ಟಿಸುವ ಫಿಲ್ಟರ್‌ಗಳು ಕ್ರಾಲರ್‌ಗೆ ಬಲೆಗಳಿದ್ದಂತೆ. ಒಟ್ಟು ಪುಟಗಳಿಗೂ ಆಳಕ್ಕೂ ಮಿತಿ ಹಾಕಿ. ಮಿತಿ ಮುಟ್ಟಿದಾಗ ಅದನ್ನು ವರದಿಯಲ್ಲಿ ಸ್ಪಷ್ಟವಾಗಿ ಹೇಳಿ. ಅರ್ಧ ನೋಡಿದ ತಾಣವನ್ನು ಪೂರ್ತಿ ನೋಡಿದಂತೆ ತೋರಿಸುವ ವರದಿಗಿಂತ ಅಪಾಯಕಾರಿ ಬೇರೊಂದಿಲ್ಲ.

ಲಿಂಕ್‌ಗಳ ಜೊತೆಗೆ ಸೈಟ್‌ಮ್ಯಾಪನ್ನೂ (ತಾಣವೇ ಕೊಡುವ ತನ್ನ ಪುಟಗಳ ಪಟ್ಟಿ) ಪುಟಗಳ ಇನ್ನೊಂದು ಮೂಲವಾಗಿ ಓದಬೇಕು. ಒಂದು ಸೈಟ್‌ಮ್ಯಾಪ್ ಕಡತದಲ್ಲಿ ಹೆಚ್ಚೆಂದರೆ 50,000 ವಿಳಾಸಗಳಿರಬಹುದು, ಸಂಕುಚಿಸದ ಗಾತ್ರ 50 ಎಂಬಿ ಮೀರುವಂತಿಲ್ಲ. ಎರಡೂ ಮೂಲಗಳನ್ನು ಹೋಲಿಸಿದಾಗ ಸಿಗುವ ವ್ಯತ್ಯಾಸ ಬಹಳ ಉಪಯುಕ್ತ: ಸೈಟ್‌ಮ್ಯಾಪ್‌ನಲ್ಲಿದ್ದು ಯಾವ ಪುಟದಿಂದಲೂ ಲಿಂಕ್ ಇಲ್ಲದವು ಅನಾಥ ಪುಟಗಳು, ಲಿಂಕ್ ಇದ್ದು ಸೈಟ್‌ಮ್ಯಾಪ್‌ನಲ್ಲಿ ಇಲ್ಲದವು ಮರೆತುಹೋದ ಪುಟಗಳು. ಆದ್ಯತೆ ಮತ್ತು ಬದಲಾವಣೆಯ ಆವರ್ತನ ಎಂಬ ಎರಡು ಕ್ಷೇತ್ರಗಳನ್ನು ಗೂಗಲ್ ಗಣನೆಗೇ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಅವುಗಳ ಬಗ್ಗೆ ಎಚ್ಚರಿಕೆ ಕೊಡುವ ಅಗತ್ಯವಿಲ್ಲ. ಕೊನೆಯ ಬದಲಾವಣೆಯ ದಿನಾಂಕ ಮಾತ್ರ ನಂಬಿಕೆಗೆ ಅರ್ಹವಾಗಿದ್ದರೆ ಉಪಯೋಗಕ್ಕೆ ಬರುತ್ತದೆ. ಎಲ್ಲ ಪುಟಗಳಿಗೂ ಒಂದೇ ದಿನಾಂಕವಿದ್ದರೆ ಅದನ್ನು ಎತ್ತಿ ತೋರಿಸಿ.

ಜಾವಾಸ್ಕ್ರಿಪ್ಟ್ ಓಡಿದ ಮೇಲಿನ ಪುಟ

ಕೆಲವು ತಾಣಗಳಲ್ಲಿ ಸರ್ವರ್ ಕಳಿಸುವ ಎಚ್‌ಟಿಎಂಎಲ್ ಬಹುತೇಕ ಖಾಲಿಯಿದ್ದು, ವಿಷಯವೆಲ್ಲ ಬ್ರೌಸರ್‌ನಲ್ಲಿ ಮೂಡುತ್ತದೆ. ಪ್ಲೇರೈಟ್‌ನಂಥ ಲೈಬ್ರರಿಯ ಮೂಲಕ ಪರದೆಯಿಲ್ಲದ ಕ್ರೋಮಿಯಂ ಓಡಿಸಿ ಇದನ್ನು ನೋಡಬಹುದು, ಆದರೆ ಅದಕ್ಕೆ ಸಮಯವೂ ಮೆಮೊರಿಯೂ ಹಲವು ಪಟ್ಟು ಬೇಕು. ಎಲ್ಲ ಪುಟಗಳನ್ನೂ ಹಾಗೆ ತೆರೆಯುವ ಬದಲು ಪ್ರತಿ ಟೆಂಪ್ಲೇಟ್‌ಗೆ ಕೆಲವು ಪುಟಗಳನ್ನು ಆರಿಸಿ, ಎರಡೂ ರೂಪಗಳ ಶೀರ್ಷಿಕೆ, ಕೆನಾನಿಕಲ್ (ನಕಲು ಪುಟಗಳ ನಡುವೆ ಮುಖ್ಯವೆಂದು ತೋರಿಸುವ ವಿಳಾಸ), ರೋಬಾಟ್ಸ್ ಮೆಟಾ ಟ್ಯಾಗ್, ಲಿಂಕ್‌ಗಳು ಮತ್ತು ಮುಖ್ಯ ಪಠ್ಯವನ್ನು ಹೋಲಿಸಿ. ಮೂಲದಲ್ಲಿ ನೋಇಂಡೆಕ್ಸ್ (ಸೂಚ್ಯಂಕಕ್ಕೆ ಸೇರಿಸಬೇಡಿ ಎಂಬ ಸೂಚನೆ) ಇದ್ದು ಸ್ಕ್ರಿಪ್ಟ್ ಅದನ್ನು ತೆಗೆಯುವ ಪುಟ ಸಿಕ್ಕರೆ ಕೂಡಲೇ ಹೇಳಬೇಕು, ಏಕೆಂದರೆ ನೋಇಂಡೆಕ್ಸ್ ಕಂಡ ಗೂಗಲ್ ಸ್ಕ್ರಿಪ್ಟ್ ಓಡಿಸುವ ಹಂತವನ್ನೇ ಬಿಟ್ಟುಬಿಡಬಹುದು.

ತಪಾಸಣೆಯ ನಿಯಮಗಳನ್ನು ಬರೆಯುವ ಕ್ರಮ

ಪ್ರತಿ ನಿಯಮವೂ ಒಂದು ಸ್ವತಂತ್ರ ಫಂಕ್ಷನ್ ಆಗಿರಲಿ. ಅದು ಉಳಿಸಿಟ್ಟ ಪುಟವನ್ನು ಓದಬೇಕು, ಜಾಲಕ್ಕೆ ಹೋಗಬಾರದು. ಅದು ಹಿಂದಿರುಗಿಸುವ ಫಲಿತಾಂಶದಲ್ಲಿ ದೋಷದ ಹೆಸರು, ಪುರಾವೆಯಾದ ಎಚ್‌ಟಿಎಂಎಲ್ ಸಾಲು ಅಥವಾ ಹೆಡರ್, ಅದು ಯಾವ ಮಾನದಂಡವನ್ನು ಮೀರುತ್ತದೆ ಎಂಬುದು, ಮಾಡಬೇಕಾದ ಕೆಲಸ ಇಷ್ಟೂ ಇರಬೇಕು. ಪುರಾವೆ ಕೊಡಲಾಗದ ನಿಯಮವನ್ನು ಸೇರಿಸಲೇಬೇಡಿ. ತೀವ್ರತೆಯನ್ನು ‘ತಡೆ’, ‘ಗೊಂದಲ’, ‘ಸಲಹೆ’ ಎಂದು ಮೂರೇ ಮಟ್ಟದಲ್ಲಿಡಿ: ಪುಟ ಸೂಚ್ಯಂಕಕ್ಕೆ ಸೇರದಂತೆ ಮಾಡುವುದು ತಡೆ, ಪರಸ್ಪರ ವಿರುದ್ಧ ಸೂಚನೆಗಳು ಗೊಂದಲ, ಉಳಿದದ್ದು ಸಲಹೆ.

ನಾನು ಮೊದಲು ಬರೆಯುವುದು ಗೊಂದಲದ ನಿಯಮಗಳನ್ನು. ಬರಿಗಣ್ಣಿಗೆ ಕಾಣದವು ಅವೇ. ಪುಟಕ್ಕೆ ನೋಇಂಡೆಕ್ಸ್ ಹಾಕಿ ಅದೇ ಪುಟವನ್ನು ರೋಬಾಟ್ಸ್ ಕಡತದಲ್ಲೂ ನಿಷೇಧಿಸಿರುವುದು ಇದರ ಶ್ರೇಷ್ಠ ಉದಾಹರಣೆ. ತಾಣದವರು ದುಪ್ಪಟ್ಟು ಭದ್ರ ಎಂದುಕೊಂಡಿರುತ್ತಾರೆ. ನಿಜದಲ್ಲಿ ಕ್ರಾಲರ್ ಪುಟವನ್ನು ತೆರೆಯುವುದೇ ಇಲ್ಲವಾದ್ದರಿಂದ ಅದಕ್ಕೆ ನೋಇಂಡೆಕ್ಸ್ ಕಾಣುವುದಿಲ್ಲ, ಹೊರಗಿನ ಲಿಂಕ್‌ಗಳ ಬಲದಿಂದ ಆ ವಿಳಾಸ ಫಲಿತಾಂಶಗಳಲ್ಲಿ ಉಳಿದುಕೊಳ್ಳಬಹುದು. ನೋಇಂಡೆಕ್ಸ್ ಅನ್ನು ರೋಬಾಟ್ಸ್ ಕಡತದೊಳಗೇ ಬರೆಯುವ ಹಳೆಯ ರೂಢಿಯೂ ಇನ್ನು ನಡೆಯದು, 2019ರ ಸೆಪ್ಟೆಂಬರ್ 1ರಿಂದ ಗೂಗಲ್ ಅದಕ್ಕೆ ಬೆಂಬಲ ನಿಲ್ಲಿಸಿದೆ. ನೋಇಂಡೆಕ್ಸ್ ಮೆಟಾ ಟ್ಯಾಗ್‌ನಲ್ಲಿ ಇಲ್ಲದೆ ಎಕ್ಸ್-ರೋಬಾಟ್ಸ್-ಟ್ಯಾಗ್ ಎಂಬ ಹೆಡರ್‌ನಲ್ಲಿ ಅಡಗಿರಬಹುದು. ಎರಡು ಕಡೆಯೂ ನೋಡಬೇಕು.

ಕೆನಾನಿಕಲ್ ಲಿಂಕ್ 2009ರಲ್ಲಿ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಸೇರಿ ತಂದ ಸೌಲಭ್ಯ. ಅದು ಆಜ್ಞೆಯಲ್ಲ, ಸೂಚನೆ. ಕೆನಾನಿಕಲ್ ತೋರಿಸುವ ಪುಟ 404 ಕೊಡುತ್ತಿದೆಯೇ, ಬೇರೆಡೆಗೆ ರೀಡೈರೆಕ್ಟ್ ಆಗುತ್ತಿದೆಯೇ, ನೋಇಂಡೆಕ್ಸ್ ಆಗಿದೆಯೇ, ಅದೇ ಇನ್ನೊಂದು ಪುಟವನ್ನು ಕೆನಾನಿಕಲ್ ಎನ್ನುತ್ತಿದೆಯೇ ಎಂಬ ನಾಲ್ಕನ್ನೂ ಪರಿಶೀಲಿಸಿ. ಬಹುಭಾಷಾ ತಾಣಗಳಲ್ಲಿ ಪುಟದ ಇತರ ಭಾಷಾ ರೂಪಗಳನ್ನು ತೋರಿಸುವ ಎಚ್‌ರೆಫ್‌ಲ್ಯಾಂಗ್ ಟ್ಯಾಗ್‌ಗಳಲ್ಲಿ ಒಂದು ಪುಟ ಇನ್ನೊಂದನ್ನು ತೋರಿಸಿದರೆ ಅದೂ ಮರಳಿ ಇದನ್ನು ತೋರಿಸಬೇಕು. ಏಕಮುಖ ಲಿಂಕನ್ನು ಗೂಗಲ್ ಕಡೆಗಣಿಸಬಹುದು. ದೇಶಸಂಕೇತಗಳನ್ನು ಐಎಸ್‌ಒ 3166-1 ಪಟ್ಟಿಯೊಂದಿಗೆ ಹೋಲಿಸಿ. ಬ್ರಿಟನ್‌ಗೆ ‘ಜಿಬಿ’ ಎಂದಿರಬೇಕಾದಲ್ಲಿ ‘ಯುಕೆ’ ಎಂದು ಬರೆದಿರುವುದು ಸಾಮಾನ್ಯ. ಇನ್ನು ‘ಪುಟ ಸಿಗಲಿಲ್ಲ’ ಎಂಬ ಬರಹದೊಂದಿಗೆ 200 ಸ್ಥಿತಿ ಕೊಡುವ ಹುಸಿ ಪುಟಗಳನ್ನು ಪತ್ತೆಮಾಡಲು, ಇರಲಾರದ ಒಂದು ವಿಳಾಸವನ್ನು ಬೇಕೆಂದೇ ಕೇಳಿ, ಬಂದ ಉತ್ತರವನ್ನು ಉಳಿಸಿಕೊಂಡು ಇತರ ಪುಟಗಳೊಂದಿಗೆ ಹೋಲಿಸುವುದು ನಂಬಲರ್ಹ ವಿಧಾನ.

ಬಿಡಬೇಕಾದ ನಿಯಮಗಳೂ ಇವೆ. ಮೆಟಾ ಕೀವರ್ಡ್ಸ್ ಟ್ಯಾಗನ್ನು ರ‍್ಯಾಂಕಿಂಗ್‌ಗೆ ಬಳಸುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ. ಪದವೊಂದು ಶೇಕಡಾ ಇಷ್ಟು ಸಲ ಬರಬೇಕೆಂಬ ಲೆಕ್ಕಕ್ಕೆ ಆಧಾರವಿಲ್ಲ. ಶೀರ್ಷಿಕೆ 60 ಅಕ್ಷರ ಮೀರಬಾರದೆಂಬ ನಿಯಮವೂ ಹಾಗೆಯೇ: ಗೂಗಲ್ ಶೀರ್ಷಿಕೆಗೆ ಉದ್ದದ ಮಿತಿ ವಿಧಿಸಿಲ್ಲ, ಸಾಧನದ ಅಗಲಕ್ಕೆ ತಕ್ಕಂತೆ ಕತ್ತರಿಸಿ ತೋರಿಸುತ್ತದೆ ಅಷ್ಟೇ. ಮೇಲೆ ಕಂಡಂತೆ ಒಂದೇ ಒತ್ತಕ್ಷರ 6 ಸಂಕೇತವಾಗುವ ಲಿಪಿಗಳಲ್ಲಿ ಸಂಕೇತಗಳನ್ನು ಎಣಿಸಿ ‘ಶೀರ್ಷಿಕೆ ತುಂಬಾ ಉದ್ದ’ ಎನ್ನುವ ಉಪಕರಣವು ಆ ಲಿಪಿಯಲ್ಲಿ ಬರೆಯುವವರಿಗೆ ಅನ್ಯಾಯ ಮಾಡುತ್ತದೆ.

ತಪ್ಪುಗಳಿಂದಲೇ ತುಂಬಿದ ಪರೀಕ್ಷಾ ತಾಣ

ನಿಯಮವೊಂದನ್ನು ಬರೆದ ದಿನವೇ ಅದರ ದೋಷವಿರುವ ಪುಟವೊಂದನ್ನು ಲ್ಯಾಪ್‌ಟಾಪ್‌ನಲ್ಲೇ ಓಡುವ ಸಣ್ಣ ಪರೀಕ್ಷಾ ತಾಣಕ್ಕೆ ಸೇರಿಸಿ. ಜೊತೆಗೆ ಅದೇ ರೀತಿ ಕಾಣುವ, ಆದರೆ ದೋಷವಿಲ್ಲದ ಇನ್ನೊಂದು ಪುಟವೂ ಇರಲಿ. ಎರಡನೆಯದೇ ಹೆಚ್ಚು ಮುಖ್ಯ. ತಪ್ಪಿಸಿಕೊಂಡ ದೋಷವನ್ನು ಮುಂದೆ ಎಂದಾದರೂ ಹಿಡಿಯಬಹುದು. ಇಲ್ಲದ ದೋಷವನ್ನು ಒಮ್ಮೆ ಎತ್ತಿ ಆಡಿದರೆ ಬಳಕೆದಾರರು ಇರುವ ದೋಷಗಳನ್ನೂ ನಂಬುವುದಿಲ್ಲ. ಈ ತಾಣದ ಮೇಲೆ ಬರಬೇಕಾದ ಪೂರ್ತಿ ವರದಿಯನ್ನು ಒಂದು ಕಡತದಲ್ಲಿಟ್ಟು, ದಿನದ ಕೆಲಸ ಮುಗಿಸುವ ಮುನ್ನ ಹೊಸ ವರದಿಯನ್ನು ಅದರೊಂದಿಗೆ ಹೋಲಿಸಿ. ವ್ಯತ್ಯಾಸವಿದ್ದರೆ ಅದು ಬೇಕೆಂದೇ ಮಾಡಿದ್ದೇ ಎಂದು ದಿನದ ಟಿಪ್ಪಣಿಯಲ್ಲಿ ಬರೆಯಿರಿ.

ಸರ್ಚ್ ಕನ್ಸೋಲ್ ಮತ್ತು ವೇಗದ ಅಂಕಿಗಳು

ಕ್ರಾಲ್‌ನಿಂದ ಸಿಗುವುದು ಸಾಧ್ಯತೆ. ನಿಜವಾಗಿ ಏನಾಯಿತೆಂದು ಹೇಳುವುದು ಗೂಗಲ್ ತಾಣದ ಒಡೆಯರಿಗೆ ಕೊಡುವ ಸರ್ಚ್ ಕನ್ಸೋಲ್ ಸೇವೆ. ಅದರ ಎಪಿಐಗೆ (ಪ್ರೋಗ್ರಾಮ್‌ಗಳು ಮಾಹಿತಿ ಕೇಳುವ ದಾರಿ) ಓದುವ ಅನುಮತಿಯನ್ನು ಮಾತ್ರ ಕೇಳಿ, ಟೋಕನ್‌ಗಳನ್ನು ಎನ್‌ಕ್ರಿಪ್ಟ್ ಮಾಡಿಡಿ. ಒಂದು ಕೋರಿಕೆಗೆ ಹೆಚ್ಚೆಂದರೆ 25,000 ಸಾಲುಗಳು ಬರುತ್ತವೆ, ಮುಂದಿನದನ್ನು ಪುಟಪುಟವಾಗಿ ತರಬೇಕು. 16 ತಿಂಗಳಿಗಿಂತ ಹಳೆಯ ದತ್ತಾಂಶ ಸಿಗುವುದಿಲ್ಲವಾದ್ದರಿಂದ ಈ ಭಾಗ ಸಿದ್ಧವಾದ ದಿನದಿಂದಲೇ ಪ್ರತಿದಿನ ತಂದು ಉಳಿಸಿ. ದಿನಾಂಕಗಳು ಪೆಸಿಫಿಕ್ ಸಮಯದ ಲೆಕ್ಕದಲ್ಲಿವೆ, ಇತ್ತೀಚಿನ ದಿನಗಳ ಸಂಖ್ಯೆಗಳು ಆಮೇಲೆ ಬದಲಾಗಬಹುದು. ಹಾಗಾಗಿ ಕೊನೆಯ ಕೆಲವು ದಿನಗಳನ್ನು ಪ್ರತಿ ಸಲವೂ ಮತ್ತೆ ತಂದು ಹಳೆಯದರ ಮೇಲೆ ಬರೆಯಿರಿ. ಖಾಸಗಿತನದ ಕಾರಣಕ್ಕೆ ವಿರಳ ಹುಡುಕಾಟಗಳನ್ನು ಪಟ್ಟಿಯಿಂದ ಕೈಬಿಡುವುದರಿಂದ ಪದವಾರು ಮೊತ್ತ ಒಟ್ಟು ಮೊತ್ತಕ್ಕಿಂತ ಕಡಿಮೆ ಬರುತ್ತದೆ, ಇದನ್ನು ವರದಿಯಲ್ಲೇ ವಿವರಿಸಿದರೆ ಅನಗತ್ಯ ಅನುಮಾನ ತಪ್ಪುತ್ತದೆ. ಪುಟವೊಂದರ ಸೂಚ್ಯಂಕ ಸ್ಥಿತಿಯನ್ನು ಕೇಳುವ ಎಪಿಐಗೆ ಒಂದು ತಾಣಕ್ಕೆ ದಿನಕ್ಕೆ 2,000 ಕೋರಿಕೆಗಳ ಮಿತಿಯಿದೆ. ‘ತಡೆ’ ಕಂಡ ಪುಟಗಳನ್ನೂ, ಹಿಂದೆ ಕ್ಲಿಕ್ ಪಡೆದು ಈಗ ಕಳೆದುಕೊಂಡ ಪುಟಗಳನ್ನೂ ಮೊದಲು ಕೇಳಿ.

ವೇಗದ ವಿಷಯದಲ್ಲಿ ಗೂಗಲ್ ಒಳ್ಳೆಯದೆಂದು ಹೇಳುವ ಮಿತಿಗಳು ಮೂರು. ಮುಖ್ಯ ವಿಷಯ ಮೂಡುವ ಎಲ್‌ಸಿಪಿ 2.5 ಸೆಕೆಂಡಿನೊಳಗೆ, ಸ್ಪಂದನೆಯ ಐಎನ್‌ಪಿ 200 ಮಿಲಿಸೆಕೆಂಡಿನೊಳಗೆ, ವಿನ್ಯಾಸ ಜರುಗುವ ಸಿಎಲ್‌ಎಸ್ 0.1ರೊಳಗೆ ಇರಬೇಕು, ಮೂರನ್ನೂ ಭೇಟಿಗಳ 75ನೆಯ ಶತಾಂಶದಲ್ಲಿ ಅಳೆಯಲಾಗುತ್ತದೆ. ಐಎನ್‌ಪಿ 2024ರ ಮಾರ್ಚ್‌ನಲ್ಲಿ ಎಫ್‌ಐಡಿ ಎಂಬ ಹಳೆಯ ಸ್ಪಂದನೆಯ ಅಳತೆಯ ಜಾಗಕ್ಕೆ ಬಂತು. ನಿಮ್ಮ ಯಂತ್ರದಲ್ಲಿ ಅಳೆದ ಅಂಕಿಯನ್ನೂ ನಿಜವಾದ ಬಳಕೆದಾರರ ಅಂಕಿಯನ್ನೂ ಒಂದೇ ಕಾಲಮ್‌ನಲ್ಲಿ ಬೆರೆಸಬೇಡಿ.

ವರದಿ

ಚೆಂದದ ಪರದೆಗೆ ಈ ಹಂತದಲ್ಲಿ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ, ಸಾದಾ ಕೋಷ್ಟಕ ಸಾಕು. ಬೇಕಾದದ್ದು ಎರಡು. ಒಂದೇ ಟೆಂಪ್ಲೇಟ್‌ನಿಂದ ಹುಟ್ಟಿದ ದೋಷ ಸಾವಿರ ಪುಟಗಳಲ್ಲಿದ್ದರೆ ಸಾವಿರ ಸಾಲು ಬರೆಯದೆ ಒಂದೇ ಸಾಲಿನಲ್ಲಿ ಹೇಳಿ, ಕೆಲವು ಮಾದರಿ ಪುಟಗಳನ್ನು ತೋರಿಸಬೇಕು. ಎರಡನೆಯದಾಗಿ ಹಿಂದಿನ ಕ್ರಾಲ್‌ನೊಂದಿಗೆ ಹೋಲಿಸಿ ಹೊಸ ದೋಷ, ಸರಿಹೋದ ದೋಷ, ಉಳಿದ ದೋಷ ಎಂದು ವಿಂಗಡಿಸಬೇಕು. ಹೀಗೆ ವಿಂಗಡಿಸಿದ ವರದಿಯನ್ನು ತಾಣದವರು ಪ್ರತಿ ವಾರವೂ ತೆರೆಯುತ್ತಾರೆ.

ಬೇರೆಯವರ ಕೈಗೆ ಕೊಡುವ ಮುನ್ನ

ಉಪಕರಣವನ್ನು ಸರ್ವರ್‌ನಲ್ಲಿಟ್ಟು ಯಾರು ಬೇಕಾದರೂ ಯುಆರ್‌ಎಲ್ ಕೊಡಬಹುದು ಎಂದ ಕೂಡಲೇ ಹೊಸ ಅಪಾಯವೊಂದು ಹುಟ್ಟುತ್ತದೆ: ದುರುದ್ದೇಶವುಳ್ಳವರು ನಿಮ್ಮ ಸರ್ವರ್‌ನ ಒಳಗಿನ ವಿಳಾಸಗಳನ್ನೇ ಕೊಟ್ಟು ಅಲ್ಲಿನ ಮಾಹಿತಿಯನ್ನು ಹೊರಗೆಳೆಯಬಹುದು. ಹೆಸರನ್ನು ಐಪಿ ವಿಳಾಸವಾಗಿ ಬಿಡಿಸಿದ ನಂತರ, 127.0.0.1, 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರವು, ಕ್ಲೌಡ್ ಸೇವೆಗಳು ಆಂತರಿಕ ಮಾಹಿತಿಗೆ ಬಳಸುವ 169.254.169.254 ಹಾಗೂ ಐಪಿವಿ6ರಲ್ಲಿ ಇವಕ್ಕೆ ಸಮಾನವಾದ ವಿಳಾಸಗಳನ್ನು ತಡೆಯಬೇಕು. ಹೊರಗಿನ ತಾಣವೊಂದು ರೀಡೈರೆಕ್ಟ್ ಮಾಡಿ ಒಳಗಿನ ವಿಳಾಸಕ್ಕೆ ಕಳಿಸಬಹುದಾದ್ದರಿಂದ ಈ ಪರಿಶೀಲನೆ ಸರಪಳಿಯ ಪ್ರತಿ ಹೆಜ್ಜೆಯಲ್ಲೂ ನಡೆಯಬೇಕು, ಮತ್ತು ಪರಿಶೀಲಿಸಿದ ಐಪಿಗೇ ಸಂಪರ್ಕ ಹೋಗುವಂತೆ ನೋಡಿಕೊಳ್ಳಬೇಕು. ಮೊದಲ ದಿನ ರೀಡೈರೆಕ್ಟ್‌ಗಳನ್ನು ಹೆಜ್ಜೆಹೆಜ್ಜೆಯಾಗಿ ನಾವೇ ಹಿಂಬಾಲಿಸುವಂತೆ ಬರೆದದ್ದು ಇಲ್ಲಿ ನೆರವಿಗೆ ಬರುತ್ತದೆ. ಪೂರ್ತಿ ತಾಣದ ಕ್ರಾಲ್‌ಗೆ ಡಿಎನ್‌ಎಸ್ ದಾಖಲೆ ಅಥವಾ ಮುಖಪುಟದ ಮೆಟಾ ಟ್ಯಾಗ್ ಮೂಲಕ ಒಡೆತನವನ್ನು ಖಚಿತಪಡಿಸಿಕೊಳ್ಳಿ.

ಬಿಡುಗಡೆಯ ನಂತರ ದಿನದ ಟಿಪ್ಪಣಿಗೆ ಇನ್ನೊಂದು ಕೆಲಸ ಸೇರುತ್ತದೆ. ಪ್ರತಿ ನಿಯಮದ ಪಕ್ಕದಲ್ಲೂ ಅದರ ಆಧಾರವನ್ನು ಕೊನೆಯದಾಗಿ ಓದಿ ಖಚಿತಪಡಿಸಿಕೊಂಡ ದಿನಾಂಕವನ್ನು ಕೋಡ್‌ನಲ್ಲೇ ಬರೆದಿಡಿ, ಮತ್ತು ಮೂರು ತಿಂಗಳಿಗಿಂತ ಹಳೆಯದಾದ ದಿನಾಂಕ ಸಿಕ್ಕರೆ ಪರೀಕ್ಷೆ ವಿಫಲವಾಗುವಂತೆ ಮಾಡಿ. ಎಫ್‌ಐಡಿ ಹೋಗಿ ಐಎನ್‌ಪಿ ಬಂದಂಥ ಬದಲಾವಣೆಗಳು ಆಗ ಬಳಕೆದಾರರ ದೂರಿನಿಂದಲ್ಲ, ನಿಮ್ಮದೇ ಪರೀಕ್ಷೆಯಿಂದ ಗಮನಕ್ಕೆ ಬರುತ್ತವೆ. ಆಧಾರ ಬದಲಾಗಿದ್ದರೆ ನಿಯಮವನ್ನು ತಿದ್ದಿ, ಉಳಿಸಿಟ್ಟ ಹಳೆಯ ಕ್ರಾಲ್‌ಗಳ ಮೇಲೆ ಮತ್ತೆ ಓಡಿಸಿ, ತೀರ್ಪು ಬದಲಾದ ಪುಟಗಳ ಪಟ್ಟಿಯನ್ನು ಆ ತಾಣದವರಿಗೆ ಕಾರಣದ ಸಹಿತ ಕಳಿಸಿ.